ಕುಣಿಗಲ್ಲಿನ ನಾಲ್ಕು ನೀಲಿ ಗೌರಾಮಿಗಳು

ಮೂವತ್ತೊಂದನೇ ವಯಸ್ಸಿಗೆ ನಿವೃತ್ತಳಾದೆ ಎಂದರೆ ಮರಳೂರಿನ ನಮ್ಮ ಬೀದಿಯವರು ನಗುತ್ತಾರೆ. ನಾನು ಬಿಟ್ಟದ್ದು ಪಿಂಚಣಿ ಬರುವ ಕೆಲಸವೂ ಅಲ್ಲ. ತುಮಕೂರಿನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಒಂಬತ್ತು ವರ್ಷ ನಾಲ್ಕು ತಿಂಗಳು ದುಡಿದೆ. ಸದಾ ನೀರು, ಉಪ್ಪು, ಔಷಧಿ ತಾಗಿ ಎರಡೂ ಅಂಗೈ ಬಿರಿದವು. ಕೈ ಒದ್ದೆಯಾಗುವ ಕೆಲಸ ಇನ್ನು ಬೇಡವೆಂದು ಚರ್ಮದ ಡಾಕ್ಟರು ಹೇಳಿದ ಮೇಲೆ ಬಿಟ್ಟೆ. ನನ್ನ ಜಾಗಕ್ಕೆ ಇಬ್ಬರು ಹೊಸಬರು ಬಂದಿದ್ದಾರೆ. ಗೌರಾಮಿ ಎಂಬ ಮೀನುಗಳನ್ನು ಗುರುತಿಸುವುದು ಹೇಗೆ, ಅವು ಬಣ್ಣ ಬದಲಿಸಿದಾಗ ಏನು ತಿಳಿಯಬೇಕು ಎಂದು ಕೇಳಿದರು. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ನನ್ನ ಹತ್ತಿರ ದಿನಕ್ಕೊಂದು ಪುಟದಂತೆ ಬರೆದಿಟ್ಟ ಡೈರಿಗಳಿವೆ. ಅವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಅಂಗಡಿಯ ಯಜಮಾನರು ಷಡಕ್ಷರಿಯವರು. ನಾನು ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಹಣೆ ತುಂಬ ವಿಭೂತಿ, ಮಡಚಿದ ತೋಳು, ಹೆಗಲ ಮೇಲೊಂದು ಟವೆಲ್. ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗುಬ್ಬಿ, ಕುಣಿಗಲ್, ಹೆಬ್ಬೂರು ಕಡೆಯಿಂದ ಜನ ಕಾಯಿಲೆಯ ಮೀನನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಬಸ್ಸಿನಲ್ಲಿ ತರುತ್ತಿದ್ದರು. ಅಣ್ಣ ಕವರನ್ನು ಬೆಳಕಿಗೆ ಹಿಡಿದು ನೋಡಿ ಮೂರರಲ್ಲಿ ಒಂದು ಮಾತು ಹೇಳುತ್ತಿದ್ದರು: ಏನೂ ಆಗಿಲ್ಲ, ಔಷಧಿ ಹಾಕಿ, ಅಥವಾ ಇನ್ನು ಇಟ್ಟುಕೊಳ್ಳಬೇಡಿ. ಆ ಮಾತಿನ ಮೇಲೆ ಮೀನಿನ ಜೀವ ನಿಂತಿರುತ್ತಿತ್ತು. ಅಣ್ಣನ ಹೆಸರೂ ಅದರ ಮೇಲೇ ನಿಂತಿತ್ತು. ನಾನು ಸೇರಿದ ಆರನೆಯ ವರ್ಷ ಆ ಮಾತು ತಪ್ಪುತ್ತಾ ಬಂತು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಹೊಸಬರಿಗೆ ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ. ಆದರೆ ಮೊದಲು ಮೀನಿನ ಪರಿಚಯ ಆಗಬೇಕು.

ಸೇರಿದ ದಿನ ಸೋಮವಾರ. ಅಣ್ಣ ಎರಡು ಟ್ಯಾಂಕ್ ತೋರಿಸಿದರು. ಒಂದರಲ್ಲಿ ನೀಲಿ ಮೀನು, ಇನ್ನೊಂದರಲ್ಲಿ ಅರಿಸಿನ ಬಣ್ಣದ್ದು.

“ಎಷ್ಟು ಜಾತಿ ಇದಾವೆ ಹೇಳಮ್ಮ.”

“ಎರಡು.”

“ಒಂದೇ. ಎರಡೂ ತ್ರೀ ಸ್ಪಾಟ್ ಗೌರಾಮಿ. ಅಣ್ಣ ತಮ್ಮ ಬೇರೆ ಬೇರೆ ಬಣ್ಣದ ಶರ್ಟ್ ಹಾಕ್ಕೊಂಡ್ರೆ ಜಾತಿ ಬೇರೆ ಆಗ್ತದಾ?”

ನಾನು ನೀಲಿ ಮೀನಿನ ಚುಕ್ಕೆ ಎಣಿಸಿದೆ. ಮೈಯ ನಡುವೆ ಒಂದು, ಬಾಲದ ಬುಡದಲ್ಲಿ ಒಂದು. “ಎರಡೇ ಇದೆಯಲ್ಲಣ್ಣ?”

“ಮೂರನೇದು ನಿನ್ನೇ ನೋಡ್ತಾ ಇದೆ” ಎಂದು ನಕ್ಕರು. ಮೂರನೆಯದು ಕಣ್ಣು.

ಆ ಸಂಜೆ ನಾನು ಬರೆದುಕೊಂಡದ್ದು: ಜಾತಿ ಹೇಳುವಾಗ ಮೊದಲು ಆಕಾರ, ಆಮೇಲೆ ರೆಕ್ಕೆ, ಆಮೇಲೆ ಗುರುತು, ಕೊನೆಗೆ ಬಣ್ಣ. ಗೌರಾಮಿಗಳಿಗೆಲ್ಲ ಎದೆಯ ಕೆಳಗಿನ ರೆಕ್ಕೆಗಳು ಎರಡು ಎಳೆ ದಾರದಂತೆ ಇಳಿದಿರುತ್ತವೆ. ಅದರಿಂದ ಮುಂದಿರುವುದನ್ನು ಮುಟ್ಟಿ ತಿಳಿಯುತ್ತವೆ. ಆಗಾಗ ನೀರಿನ ಮೇಲಕ್ಕೆ ಬಂದು ಗಾಳಿ ಗುಟುಕರಿಸುತ್ತವೆ. ಅದು ಕಾಯಿಲೆಯಲ್ಲ, ಅವುಗಳ ಉಸಿರಾಟವೇ ಹಾಗೆ. ಪರ್ಲ್ ಗೌರಾಮಿಗೆ ಮೈತುಂಬ ಮುತ್ತು ಚೆಲ್ಲಿದಂಥ ಚುಕ್ಕೆ, ಮೂತಿಯಿಂದ ಬಾಲದ ಕಡೆಗೆ ಒಂದು ಕಪ್ಪು ಗೆರೆ. ಡ್ವಾರ್ಫ್ ಗೌರಾಮಿ ಚಿಕ್ಕದು. ಅದರ ಗಂಡಿಗೆ ಕೆಂಪು ನೀಲಿ ಪಟ್ಟಿ, ಹೆಣ್ಣು ಬೆಳ್ಳಿಯಂತೆ ಸಪ್ಪೆ. ಪೂರ್ತಿ ನೀಲಿಯಾಗಿ ಬರುವ ‘ಪೌಡರ್ ಬ್ಲೂ’ ಕೂಡ ಡ್ವಾರ್ಫ್ ಜಾತಿಯದೇ.

ಆಕಾರ ನೋಡದೆ ಬಣ್ಣ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಗುಬ್ಬಿಯ ಹೋಟೆಲ್ ಸಾಕ್ಷಿ. ನನ್ನ ಮೊದಲ ವರ್ಷದ ನವೆಂಬರ್‌ನಲ್ಲಿ ಬಂದ ಮಾಲಿನಲ್ಲಿ ಅಡ್ಡಪಟ್ಟಿಯ ಮರಿಗಳಿದ್ದವು. ನಾನು ಪಟ್ಟಿ ನೋಡಿ ಚಿಕ್ಕ ಜಾತಿಯ ಗೌರಾಮಿ ಎಂದು ಚೀಟಿ ಅಂಟಿಸಿದೆ. ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಮಾಲೀಕರು ಆರು ಮರಿ ಒಯ್ದರು. ಒಂದು ವರ್ಷ ಕಳೆದ ಮೇಲೆ ಅವರೇ ಅಂಗಡಿಗೆ ಬಂದರು.

“ಏನಮ್ಮ, ನೀನು ಕೊಟ್ಟಿದ್ದು ಮೀನಾ, ಎಮ್ಮೆಕರುನಾ? ಪಟ್ಟಿ ಎಲ್ಲಾ ಹೋಯ್ತು, ಹಣೆ ಊದ್ಕೊಂಡೈತೆ, ಮಿಕ್ಕಿದ್ ಮೀನೆಲ್ಲ ಮೂಲೆ ಸೇರ್ಕೊಂಡವೆ. ನಮ್ಮಲ್ಲಿ ತಿಂಡಿಗೆ ಬಂದೋರು ಇಡ್ಲಿ ಅದಕ್ಕೇ ಹಾಕಿ ಹೋಗ್ತಾರೆ!”

ಅವು ಜೈಂಟ್ ಗೌರಾಮಿ ಮರಿಗಳು. ಎಳೆಯದರಲ್ಲಿ ಪಟ್ಟಿ, ಬೆಳೆದಂತೆ ಬೂದಿ ಬಣ್ಣ. ಚೂಪು ಮೂತಿ ನೋಡಿದ್ದರೆ ತಿಳಿಯುತ್ತಿತ್ತು. ಅಣ್ಣ ನನ್ನನ್ನು ಬೈಯಲಿಲ್ಲ. ಹೋಟೆಲಿನವರಿಗೆ ದೊಡ್ಡ ಟ್ಯಾಂಕ್ ಮಾಡಿಸಿಕೊಟ್ಟು, “ಇನ್ಮೇಲೆ ಇಡ್ಲಿ ಹಾಕ್ಬೇಡಿ ಅಂತ ಬೋರ್ಡ್ ಹಾಕ್ಸಿ” ಎಂದು ಕಳಿಸಿದರು.

ನನ್ನ ಎರಡನೆಯ ತಪ್ಪು ನಗುವಂಥದ್ದಲ್ಲ. ಹೆಬ್ಬೂರಿನಲ್ಲಿ ಹಾಲಿನ ಡೇರಿ ನೋಡಿಕೊಳ್ಳುವ ಜಯಮ್ಮನವರು ಒಂದು ಜೊತೆ ಹನೀ ಗೌರಾಮಿ ಸಾಕಿದ್ದರು. ಜೇನಿನ ಬಣ್ಣದ, ಹೆಬ್ಬೆರಳುದ್ದದ, ಅಂಜುಬುರುಕ ಮೀನು ಅದು. ಒಂದು ಗುರುವಾರ ಫೋನ್ ಮಾಡಿದರು.

“ಸವಿತಾ, ನನ್ ಗಂಡು ಮೀನು ಮುಖಕ್ಕೆ ಮಸಿ ಬಳ್ಕೊಂಡೈತೆ ಕಣೆ. ಗಂಟ್ಲಿಂದ ಹೊಟ್ಟೆ ಗಂಟ ಕರ್ರಗಾಗೋಗೈತೆ. ಇನ್ನೊಂದನ್ನ ಹತ್ರಕ್ಕೇ ಬಿಟ್ಕೊಳಲ್ಲ, ಅಟ್ಟಾಡಿಸ್ಕೊಂಡ್ ಓಡಿಸ್ತದೆ.”

ಅಣ್ಣ ಊರಲ್ಲಿರಲಿಲ್ಲ. ಕಪ್ಪು ಎಂದರೆ ಕೊಳೆತ ಎಂದು ನನ್ನ ತಲೆಯಲ್ಲಿತ್ತು. “ಕಾಯಿಲೆ ಜಯಮ್ಮನೋರೆ, ಗಂಡನ್ನ ಬಕೆಟ್‌ಗೆ ಹಾಕಿ, ಉಪ್ಪು, ನೀಲಿ ಔಷಧಿ ಹಾಕಿ. ಟ್ಯಾಂಕ್ ಮೇಲೆ ನೊರೆ ಇದ್ರೆ ತೆಗೆದುಬಿಡಿ” ಎಂದೆ.

ಶನಿವಾರ ಬಂದ ಅಣ್ಣ ಇದನ್ನು ಕೇಳಿ ಕುರ್ಚಿಯ ಮೇಲೆ ಕೂತುಬಿಟ್ಟರು. ಹನೀ ಗೌರಾಮಿ ಗಂಡು ಗೂಡು ಕಟ್ಟುವ ಕಾಲಕ್ಕೆ ಮೈ ಕಿತ್ತಳೆಯಾಗಿ, ಗಂಟಲು ಹೊಟ್ಟೆ ಕಪ್ಪಾಗುತ್ತದೆ. ಆ ನೊರೆಯೇ ಅದರ ಗೂಡು, ಅದರಲ್ಲಿ ಮೊಟ್ಟೆಗಳಿದ್ದವು. ಕಾವಲು ಕಾಯುತ್ತಿದ್ದ ತಂದೆಯನ್ನು ನಾನು ಬಕೆಟ್ಟಿಗೆ ಹಾಕಿಸಿದ್ದೆ.

ಜಯಮ್ಮನವರಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು, “ಬುಡು ಮಗ, ಗೊತ್ತಿದ್ದು ಮಾಡ್ದ್ಯಾ? ಗಂಡ್ ಮೀನಂತೂ ಉಳ್ಕೊಂಡೈತೆ. ಪಾಪ, ಒಬ್ಬಂಟಿ ಬಕೆಟ್‌ನಲ್ಲಿ ಕೂತು ನನ್ನೇ ನೋಡ್ತಾ ಇತ್ತು” ಎಂದರು. ಆ ಮೀನು ಮತ್ತೆ ಟ್ಯಾಂಕಿಗೆ ಹೋಗಿ, ಮೂರು ವಾರದ ನಂತರ ಮತ್ತೆ ಗೂಡು ಕಟ್ಟಿತು.

ಈ ತಪ್ಪಿನ ನಂತರ ಅಣ್ಣ ಒಂದು ಪಾಠ ಶುರು ಮಾಡಿದರು. ಬಂದ ಪ್ರತಿ ಮೀನನ್ನೂ ಅವರು ನೋಡುವ ಮೊದಲು ನಾನು ನೋಡಿ, ಬಣ್ಣ ಹೇಗಿದೆ ಎಂದು ಬರೆಯಬೇಕು. ಆಮೇಲೆ ಅವರು ಹೇಳಿದ್ದನ್ನು ಪಕ್ಕದಲ್ಲಿ ಬರೆಯಬೇಕು. ಎರಡೂ ಒಂದೇ ಆದರೆ ಸರಿ ಗುರುತು, ಬೇರೆಯಾದರೆ ತಪ್ಪು ಗುರುತು. ಆ ಪುಸ್ತಕದ ಮೇಲೆ ನಾನು ‘ನನ್ನ ತಪ್ಪುಗಳು’ ಎಂದು ಬರೆದೆ. ಪುಸ್ತಕದ ಮೊದಲ ವರ್ಷ ತಪ್ಪು ನೂರಾ ಹನ್ನೆರಡು, ಎರಡನೆಯ ವರ್ಷ ಮೂವತ್ತೆಂಟು, ಮೂರನೆಯ ವರ್ಷ ಒಂಬತ್ತು.

ಆ ಪುಸ್ತಕದಿಂದ ಕಲಿತದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕವರಿನಲ್ಲಿರುವ ಗೌರಾಮಿ ಹೆದರಿ ಬಿಳಿಚಿರುತ್ತದೆ. ನಮ್ಮ ನೀರಿಗೆ ಬಿಟ್ಟು ಒಂದು ಗಂಟೆಯಾದರೂ ಕಾಯದೆ ಅದರ ಬಣ್ಣದ ಬಗ್ಗೆ ಮಾತಾಡಬಾರದು. ಹನೀ ಗೌರಾಮಿ ಮೈಮೇಲೆ ಕಂದು ಗೆರೆ ಎಳೆದುಕೊಂಡರೆ ಬಹುಮಟ್ಟಿಗೆ ಅದಕ್ಕೆ ಭಯ, ಅಥವಾ ಅದು ಹೆಣ್ಣು. ಪರ್ಲ್ ಗಂಡಿನ ಎದೆ ಕೆಂಪಾದರೆ ಮದುವೆಯ ಕಾಲ. ತ್ರೀ ಸ್ಪಾಟ್ ಗಟ್ಟಿ ನೀಲಿಯಾದರೆ ಗೂಡಿನ ಸಿದ್ಧತೆ ಇರಬಹುದು. ಕೆಲವು ಡ್ವಾರ್ಫ್‌ಗಳಿಗೆ ಸಾಕಣೆಯವರು ಔಷಧಿಯಿಂದ ಬಣ್ಣ ಏರಿಸಿ ಕಳಿಸಿರುತ್ತಾರೆ, ಅವು ಒಂದೆರಡು ತಿಂಗಳಿಗೆ ತಾವಾಗಿಯೇ ತಿಳಿಯಾಗುತ್ತವೆ. ಡ್ವಾರ್ಫ್‌ಗಳಿಗೆ ಬರುವ ಒಂದು ಕೆಟ್ಟ ಕಾಯಿಲೆಯಿದೆ. ಬಣ್ಣ ಮಾಸಿ, ಊಟ ಬಿಟ್ಟು, ಮೈಮೇಲೆ ಹುಣ್ಣಾಗುತ್ತದೆ, ಅದಕ್ಕೆ ಮದ್ದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸುವ ಕಾಲ ಬಂದ ಮೇಲೆ, ಟ್ಯಾಂಕಿನ ಗಾಜಿಗೆ ಒಂದು ಬಿಳಿ ಕಾಗದ ಒರಗಿಸಿ ಫೋಟೋ ತೆಗೆಯಿರಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಕಾಗದವೇ ಹಳದಿಯಾಗಿ ಕಂಡರೆ ಆ ಫೋಟೋದ ಬಣ್ಣ ನಂಬುವಂತಿಲ್ಲ.

ಅಂಗಡಿ ಸೇರಿದ ಆರನೆಯ ವರ್ಷ ನನ್ನ ತಪ್ಪುಗಳು ಮತ್ತೆ ಏರತೊಡಗಿದವು. ಜನವರಿಯಲ್ಲಿ ನಾಲ್ಕು, ಫೆಬ್ರವರಿಯಲ್ಲಿ ಏಳು, ಮಾರ್ಚಿನಲ್ಲಿ ಹತ್ತು. ನನಗೆ ನಾಚಿಕೆಯಾಯಿತು. ಕಲಿತದ್ದು ಮರೆಯುತ್ತಿದ್ದೇನೆ ಅಂದುಕೊಂಡೆ. ಅದೇ ವರ್ಷ ಅಣ್ಣ ಅಂಗಡಿಯ ಲೈಟುಗಳನ್ನು ಮೂರು ಸಲ ಬದಲಿಸಿದರು. ತಿಳಿಯಾದ ನೀರನ್ನೂ ಹಳದಿಯಾಗಿದೆ ಎಂದು ಚೆಲ್ಲಿಸಿದರು. ಮೀನಿನ ಆಹಾರದ ಕಂಪನಿ ಬದಲಿಸಿದರು. “ಈಗಿನ ಮೀನಲ್ಲಿ ಬಣ್ಣವೇ ಇಲ್ಲ ಕಣಮ್ಮ. ನೀಲಿ ಅಂದ್ರೆ ಹೆಂಗಿರ್ತಿತ್ತು!” ಎಂದು ನಿಟ್ಟುಸಿರು ಬಿಡುತ್ತಿದ್ದರು.

ಏಪ್ರಿಲ್‌ನಲ್ಲಿ ಗಂಗಾಧರಯ್ಯನವರು ಬಂದರು. ಕುಣಿಗಲ್ಲಿನ ತಾಲ್ಲೂಕು ಕಚೇರಿಯ ಎದುರು ಪತ್ರ ಬರೆಯುವವರು. ಅವರ ಮೇಜಿನ ಪಕ್ಕ ಎರಡಡಿಯ ಟ್ಯಾಂಕ್, ಅದರಲ್ಲಿ ನಾಲ್ಕು ಪೌಡರ್ ಬ್ಲೂ ಗೌರಾಮಿ. ಪಹಣಿ, ಪೋಡಿ ಎಂದು ಜಮೀನಿನ ಕಾಗದಕ್ಕೆ ಕಾದು ಬೇಸತ್ತ ಜನ ಅವನ್ನು ನೋಡುತ್ತಾ ಕೂರುತ್ತಿದ್ದರು. ಒಂದು ಮೀನು ಮೂಲೆ ಬಿಟ್ಟು ಬರುತ್ತಿಲ್ಲವೆಂದು ಅದನ್ನೇ ಕವರಿನಲ್ಲಿ ತಂದಿದ್ದರು. ಅಣ್ಣ ನಿಯಮದಂತೆ ನಮ್ಮ ನೀರಿಗೆ ಬಿಟ್ಟು ಒಂದು ಗಂಟೆ ಕಾದರು. ಕನ್ನಡಕ ಒರೆಸಿ ಎರಡು ಸಲ ನೋಡಿದರು.

“ಗಂಗಾಧರಯ್ಯನೋರೆ, ನೀಲಿ ಪೂರಾ ಹೋಗಿದೆ. ಇದು ಆ ಡ್ವಾರ್ಫ್ ಕಾಯಿಲೆನೇ. ಔಷಧಿ ಇಲ್ಲ. ಮಿಕ್ಕ ಮೂರಕ್ಕೂ ಅಂಟಿರ್ತದೆ. ನಾಲ್ಕನ್ನೂ ಮುಗಿಸಿ, ಟ್ಯಾಂಕ್ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ.”

ಗಂಗಾಧರಯ್ಯ “ನೀವು ಅಂದ್ಮೇಲೆ ಮುಗೀತು” ಎಂದು ಮೀನನ್ನು ಮತ್ತೆ ಕವರಿಗೆ ಹಾಕಿಸಿಕೊಂಡು ಹೋದರು. ಭಾನುವಾರ ಫೋನ್ ಮಾಡಿ, ನಾಲ್ಕನ್ನೂ ಮುಗಿಸಿದ್ದಾಗಿ ಹೇಳಿದರು.

ಆ ದಿನದ ನನ್ನ ಪುಟ ಇಲ್ಲಿದೆ. ‘ಬುಧವಾರ. ಪೌಡರ್ ಬ್ಲೂ, ಕುಣಿಗಲ್. ನಾನು: ಬಣ್ಣ ಚೆನ್ನಾಗಿದೆ, ಹುಣ್ಣಿಲ್ಲ, ಹುಳ ಹಾಕಿದಾಗ ತಿಂದಿತು. ಅಣ್ಣ: ನೀಲಿ ಪೂರ್ತಿ ಹೋಗಿದೆ. ನನ್ನ ತಪ್ಪು. ನನ್ನ ಕಣ್ಣು ಇನ್ನೂ ಪಳಗಬೇಕು.’

ಜುಲೈ ಕೊನೆಯಲ್ಲಿ, ಮಳೆ ಹಿಡಿದು ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ನನ್ನ ತಪ್ಪುಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸೋಣ ಎಂದು ಕೂತೆ. ಯಾವ ಬಣ್ಣದಲ್ಲಿ ಹೆಚ್ಚು ಎಡವುತ್ತೇನೆ ಎಂದು ತಿಳಿದರೆ ತಿದ್ದಿಕೊಳ್ಳಬಹುದಲ್ಲ. ಏಳು ತಿಂಗಳಲ್ಲಿ ಒಟ್ಟು ಐವತ್ತಮೂರು ತಪ್ಪು. ಕೆಂಪಿನಲ್ಲಿ ಎರಡು, ಕಿತ್ತಳೆಯಲ್ಲಿ ಒಂದು, ಹಳದಿಯಲ್ಲಿ ಸೊನ್ನೆ. ನೀಲಿ, ಬಿಳಿ, ಬೆಳ್ಳಿ ಬಣ್ಣದಲ್ಲಿ ಐವತ್ತು. ಕಲಿತದ್ದು ಮರೆತಿದ್ದರೆ ಎಲ್ಲ ಬಣ್ಣಗಳಲ್ಲೂ ಎಡವಬೇಕಿತ್ತು. ಆ ಐವತ್ತರಲ್ಲೂ ನಾನು ಚೆನ್ನಾಗಿದೆ ಎಂದ ಬಣ್ಣವನ್ನು ಅಣ್ಣ ಮಾಸಿದೆ, ಹಳದಿಯಾಗಿದೆ ಎಂದಿದ್ದರು. ಎದುರಿಗೆ ಅಣ್ಣ ಕನ್ನಡಕ ಒರೆಸುತ್ತಾ ಕೂತಿದ್ದರು. ಆ ವರ್ಷ ಅವರು ಕನ್ನಡಕವನ್ನು ಎಷ್ಟು ಸಲ ಒರೆಸಿದರು ಎಂಬ ಲೆಕ್ಕ ಮಾತ್ರ ನಾನು ಇಟ್ಟಿರಲಿಲ್ಲ.

ಹನ್ನೊಂದು ದಿನ ಹೇಳಲಿಲ್ಲ. ಹೇಗೆ ಹೇಳುವುದು? ಜನ ಅವರ ಕಣ್ಣನ್ನು ನಂಬಿ ಬಸ್ ಹತ್ತಿ ಬರುತ್ತಿದ್ದರು. ಹನ್ನೆರಡನೆಯ ದಿನ ಮರಳೂರಿನವರೊಬ್ಬರು ಎರಡು ನೀಲಿ ತ್ರೀ ಸ್ಪಾಟ್ ತಂದರು. ಅಣ್ಣ ನೋಡಿ, “ಇಟ್ಕೋಬೇಡಿ” ಅನ್ನುವುದಕ್ಕೆ ಬಾಯಿ ತೆರೆದರು.

“ಅಣ್ಣ, ಒಂದು ನಿಮಿಷ” ಎಂದೆ. ಗಿರಾಕಿಗೆ ನಾಳೆ ಬರಲು ಹೇಳಿ ಮೀನನ್ನು ಇರಿಸಿಕೊಂಡೆ. ಅವರು ಹೋದ ಮೇಲೆ ಪುಸ್ತಕವನ್ನು ಮುಂದಿಟ್ಟೆ.

ನಾನು ಬಣ್ಣದ ಪ್ರಕಾರ ಬೇರ್ಪಡಿಸಿದ್ದ ಪುಟವನ್ನು ಅಣ್ಣ ಓದಿದರು. ಅವರ ಕಿವಿ ಕೆಂಪಾಯಿತು. “ಏನಮ್ಮ ಇದು? ನನ್ ತಪ್ಪಿನ ಪಟ್ಟಿ ಮಾಡ್ತಾ ಕೂತಿದ್ಯಾ ಇಷ್ಟು ದಿನ?”

“ಮೇಲೆ ಏನು ಬರ್ದಿದೀನಿ ನೋಡಿ ಅಣ್ಣ.”

ಅವರು ಪುಸ್ತಕ ಮುಚ್ಚಿ ರಟ್ಟಿನ ಮೇಲಿನ ಎರಡು ಪದ ಓದಿದರು. ಎದ್ದು ಹೋಗಿ ಟ್ಯಾಂಕಿನ ಎದುರು ನಿಂತರು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ.

“ಇದು ಈಗ ನಿಂಗೆ ಹೆಂಗೆ ಕಾಣ್ತದೆ?”

“ನೀಲಿ ಅಣ್ಣ. ಚೆನ್ನಾಗಿರೋ ನೀಲಿ.”

“ನಂಗೆ ಕೆರೆ ನೀರಿನ್ ಬಣ್ಣ” ಎಂದರು.

ಮರುದಿನ ಗಿರಾಕಿ ಬಂದಾಗ, ಏನೂ ಆಗಿಲ್ಲವೆಂದು ಎರಡು ಮೀನನ್ನೂ ಹಿಂದೆ ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ಶಟರ್ ಎತ್ತುವ ಮೊದಲೇ, “ಬಾ, ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬರೋಣ. ಆ ಪುಸ್ತಕ ತಗೊ, ಅವ್ರಿಗೂ ತೋರ್ಸೋಣ” ಎಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣೊಳಗಿನ ಮಸೂರ ವಯಸ್ಸಿಗೆ ಹಳದಿಯಾಗಿ, ನೀಲಿಯನ್ನು ಒಳಗೆ ಬಿಡುತ್ತಿರಲಿಲ್ಲ. ಅದು ನಿಧಾನಕ್ಕೆ ಆಗುವುದರಿಂದ ಆದವರಿಗೇ ತಿಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಪುಸ್ತಕ ನೋಡಿ, “ನಾನು ಮಾಡೋ ಟೆಸ್ಟನ್ನ ನೀವೇ ಮಾಡ್ಬಿಟ್ಟಿದೀರಲ್ಲಮ್ಮ” ಎಂದು ನಕ್ಕರು. ಅಣ್ಣ ನಗಲಿಲ್ಲ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಹದಿನೈದು ದಿನ ಬಿಟ್ಟು ಕಪ್ಪು ಕನ್ನಡಕದಲ್ಲಿ ಅಂಗಡಿಗೆ ಬಂದರು. ನೇರವಾಗಿ ಪೌಡರ್ ಬ್ಲೂ ಟ್ಯಾಂಕಿಗೆ ಹೋಗಿ ಕನ್ನಡಕ ತೆಗೆದರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡಗಣ್ಣು, ಮತ್ತೆ ಬಲಗಣ್ಣು. ಬಹಳ ಹೊತ್ತು ಹಾಗೇ ಮಾಡುತ್ತಿದ್ದರು.

“ಗಂಗಾಧರಯ್ಯನ ಮೀನು ಈ ಬಣ್ಣ ಇತ್ತಾ?” ಅಂಗೈ ಎಡಗಣ್ಣಿನ ಮೇಲಿತ್ತು, ಆಪರೇಷನ್ ಆದ ಬಲಗಣ್ಣು ತೆರೆದಿತ್ತು.

“ಹ್ಞೂಂ ಅಣ್ಣ. ಇದೇ ಬಣ್ಣ.”

ಎಡಗಣ್ಣಿನ ಆಪರೇಷನ್ನಿಗೆ ಕಾಯದೆ ಮರುದಿನವೇ ಕುಣಿಗಲ್ ಬಸ್ ಹತ್ತಿದರು. ನನ್ನನ್ನೂ ಕರೆದುಕೊಂಡರು. ಫೋನ್ ಮಾಡಿ ಹೇಳಬಹುದಿತ್ತಲ್ಲ ಎಂದರೆ, “ಅವ್ರು ಮೀನ್ ತಂದಿದ್ದು ಬಸ್ಸಲ್ಲಿ” ಎಂದರು.

ಗಂಗಾಧರಯ್ಯನವರ ಮೇಜಿನ ಸುತ್ತ ಏಳೆಂಟು ಜನ ಕಾದಿದ್ದರು. ಪಕ್ಕದ ಟ್ಯಾಂಕ್ ಒಣಗಿತ್ತು, ಅದರೊಳಗೆ ಅರ್ಜಿ ಫಾರಂಗಳ ಕಟ್ಟುಗಳನ್ನು ಜೋಡಿಸಿದ್ದರು. ಅಣ್ಣ ಕೂರಲಿಲ್ಲ. ಎಲ್ಲರ ಎದುರೇ ಹೇಳಿದರು: “ನಿಮ್ಮ ಮೀನಿಗೆ ಏನೂ ಆಗಿರ್ಲಿಲ್ಲ ಗಂಗಾಧರಯ್ಯನೋರೆ. ನನ್ ಕಣ್ಣಿಗೆ ಪೊರೆ ಬಂದಿತ್ತು. ನಾನು ತಪ್ಪು ಹೇಳ್ದೆ. ನಿಮ್ ಕೈಲಿ ಕೊಲ್ಲಿಸ್ದೆ.”

ಗಂಗಾಧರಯ್ಯ ಪೆನ್ನಿನ ಕ್ಯಾಪ್ ಹಾಕಿದರು. ಅಣ್ಣನ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು.

“ನೀನೂ ಅವತ್ತು ಅಲ್ಲೇ ನಿಂತಿದ್ಯಲ್ಲಮ್ಮ. ನಿಂಗೆ ಹೆಂಗೆ ಕಂಡಿತ್ತು?”

“ನೀಲಿಯಾಗೇ ಕಂಡಿತ್ತು ಸರ್.”

“ಮತ್ತೆ ಯಾಕಮ್ಮ ಹೇಳ್ಲಿಲ್ಲ?”

ಅಣ್ಣನಿಗಿಂತ ನನಗೆ ಹೆಚ್ಚು ಗೊತ್ತೇ ಅನ್ನಿಸಿತ್ತು ಎಂದು ತೊದಲಿದೆ. “ಗೊತ್ತಿರೋದು ಬೇರೆ, ಕಾಣೋದು ಬೇರೆ” ಎಂದರು ಅವರು. ಸರದಿಯಲ್ಲಿದ್ದ ಒಬ್ಬ ಅಜ್ಜಿ, “ಹೋಗ್ಲಿ ಬುಡಪ್ಪ, ಮಗು ಅಳೋ ಹಂಗೈತೆ” ಎಂದಳು. ಗಂಗಾಧರಯ್ಯ ಅಣ್ಣನಿಗೆ ಟೀ ತರಿಸಿದರು. ಟೀ ಕುಡಿದಾದ ಮೇಲೆ, “ಟ್ಯಾಂಕ್ ನೀರು ಹದಕ್ಕೆ ಬರ್ಬೇಕು. ನಾಲ್ಕು ವಾರ ಬಿಟ್ಟು ಮೀನು ತನ್ನಿ” ಎಂದರು.

ನಾಲ್ಕು ವಾರ ಬಿಟ್ಟು, ಮಂಗಳವಾರ, ನಾಲ್ಕು ಕವರಿನಲ್ಲಿ ನಾಲ್ಕು ಪೌಡರ್ ಬ್ಲೂ ಒಯ್ದೆವು. ಫಾರಂಗಳು ಬೆಂಚಿನ ಕೆಳಗೆ ಹೋಗಿದ್ದವು, ಟ್ಯಾಂಕಿನಲ್ಲಿ ತಿಳಿನೀರು. ಕವರುಗಳನ್ನು ಅರ್ಧ ಗಂಟೆ ತೇಲಿಬಿಟ್ಟೆ. ಮೊದಲನೆಯದನ್ನು ಬಿಚ್ಚಲು ಹೋದಾಗ ಗಂಗಾಧರಯ್ಯ ನನ್ನ ಕೈ ತಡೆದರು.

“ಮೊದ್ಲು ಬಣ್ಣ ಹೇಳು.”

“ಸ್ವಲ್ಪ ಬಿಳಿಚಿದೆ ಸರ್, ಕವರಲ್ಲಿ ಬಂದಿದೆಯಲ್ಲ. ಆದ್ರೂ ನೀಲಿ.”

“ಯಾರಿಗೂ ಕೇಳಿಸ್ಲಿಲ್ಲ. ಜೋರಾಗಿ ಹೇಳಮ್ಮ.”

“ನೀಲಿ!”

ಕಾದಿದ್ದ ಜನ ನಕ್ಕರು. ಗಂಗಾಧರಯ್ಯ ನಗಲಿಲ್ಲ, ಕೈ ತೆಗೆದರು. ಮೀನನ್ನು ಬಿಟ್ಟೆ. ಎರಡನೆಯದಕ್ಕೂ ಕೇಳಿದರು, ಮೂರನೆಯದಕ್ಕೂ ಕೇಳಿದರು. ನಾಲ್ಕನೆಯ ಕವರನ್ನು ಅವರು ಕೇಳುವ ಮೊದಲೇ ನಾನು ಬೆಳಕಿಗೆ ಎತ್ತಿ ಹಿಡಿದೆ. ಅಣ್ಣ ಪಕ್ಕದಲ್ಲೇ ಇದ್ದರು. ಬಾಯಿ ಬಿಗಿದುಕೊಂಡು, ನಾನು ಹೇಳುವುದನ್ನು ಕಾಯುತ್ತಾ ನಿಂತಿದ್ದರು.